ಜೇನುಗೂಡಿನ ಅರಸೊತ್ತಿಗೆ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ತರಗತಿಯಲ್ಲಿ ಸಮಾಸಗಳನ್ನು ಹೇಳುತ್ತಿದ್ದೆ. ಕರ್ಮಧಾರಯಕ್ಕೆ ಉದಾಹರಣೆಯೆಂದು ‘ರಾಣಿಜೇನು’ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, “ಸಾರ್, ಗೂಡಿನಲ್ಲಿ ದುಡಿಯುವ ನೊಣಗಳೂ ಹೆಣ್ಣುಗಳೇ ಅಲ್ಲವೆ? ಅವೇಕೆ ಮೊಟ್ಟೆಯಿಡುವುದಿಲ್ಲ?” ಎಂದಳು. “ರಾಣಿಯ ಅಪ್ಪಣೆಯಿಲ್ಲವಮ್ಮ” ಎಂದೆ. ತರಗತಿ ನಕ್ಕಿತು, ಗಂಟೆ ಹೊಡೆಯಿತು, ನಾನು ಪಾರಾದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪುಸ್ತಕಗಳನ್ನು ತಿರುವಿಹಾಕಿದಾಗ, ನಾನು ನಗೆಮಾತಾಗಿ ಆಡಿದ್ದನ್ನು ದೊಡ್ಡ ದೊಡ್ಡ ವಿದ್ವಾಂಸರೂ ಬಹುಕಾಲ ನಿಜವೆಂದೇ ನಂಬಿದ್ದರೆಂಬುದು ತಿಳಿಯಿತು.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲನು ಗೂಡಿನ ದೊಡ್ಡ ನೊಣವನ್ನು ‘ರಾಜ’ನೆಂದು ಕರೆದನು. ಅದನ್ನು ‘ತಾಯಿ’ ಎನ್ನುವವರೂ ಉಂಟೆಂದು ಅವನೇ ಬರೆದಿಟ್ಟಿದ್ದಾನೆ. ಆದರೆ ಲೋಕ ಹಿಡಿದದ್ದು ರಾಜನನ್ನು. 1609ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬಟ್ಲರ್ ಎಂಬ ಪಾದ್ರಿ ತನ್ನ ಗ್ರಂಥದಲ್ಲಿ ಜೇನುಗೂಡನ್ನು ಹೆಣ್ಣಿನ ರಾಜ್ಯವೆಂದು ಸಾರಿದನು. ಆ ದೇಶವನ್ನು ಬಹುಕಾಲ ಆಳಿದ ಎಲಿಜಬೆತ್ ರಾಣಿ ತೀರಿಕೊಂಡು ಆಗ ಆರು ವರ್ಷವಾಗಿತ್ತಷ್ಟೆ. ಅದೇ ಶತಮಾನದ ಉತ್ತರಾರ್ಧದಲ್ಲಿ ಹಾಲೆಂಡಿನ ಸ್ವಾಮ್ಮರ್‌ಡಾಮ್ ಆ ‘ದೊರೆ’ಯ ಒಡಲನ್ನು ಬಿಚ್ಚಿ ಸೂಕ್ಷ್ಮದರ್ಶಕದಡಿ ನೋಡಿದಾಗ, ಒಳಗೆ ಮೊಟ್ಟೆ ತುಂಬಿದ ಅಂಡಾಶಯಗಳು ಕಂಡವು. ರಾಜ ರಾಣಿಯಾದನು, ಸಿಂಹಾಸನ ಮಾತ್ರ ಹಾಗೆಯೇ ಉಳಿಯಿತು.

ದುಡಿಯುವ ನೊಣಗಳು ಬಂಜೆಯರೆಂಬ ಮಾತನ್ನು ಅಲುಗಿಸಿದವರಲ್ಲಿ ಜಿನೀವಾದ ಫ್ರಾಂಸ್ವಾ ಹ್ಯೂಬರ್ ಮುಖ್ಯನು. ಹರೆಯದಲ್ಲೇ ಕಣ್ಣು ಕಳೆದುಕೊಂಡವನು ಅವನು. ಅವನಿಗೆ ಕಣ್ಣಾದವನು ಬುರ್ನೆನ್ಸ್ ಎಂಬ ಸೇವಕ. ಯಜಮಾನನ ಸಂಶಯವನ್ನು ಪರಿಹರಿಸಲು ಆತ ಎರಡು ಗೂಡುಗಳ ಒಂದೊಂದು ನೊಣವನ್ನೂ ಕೈಯಲ್ಲಿ ಹಿಡಿದು ಪರೀಕ್ಷಿಸಿದನು. ಅದಕ್ಕೆ 11 ದಿನ ಹಿಡಿಯಿತು. ರಾಣಿಯಿಲ್ಲದ ಗೂಡಿನಲ್ಲಿ ಕೆಲವು ದುಡಿಮೆಗಾರ ನೊಣಗಳೇ ಮೊಟ್ಟೆಯಿಡುತ್ತವೆಂದೂ ಅವುಗಳಿಂದ ಗಂಡುನೊಣಗಳು ಮಾತ್ರ ಹುಟ್ಟುತ್ತವೆಂದೂ ಹ್ಯೂಬರನ 1792ರ ಗ್ರಂಥ ಹೇಳಿತು. ಗಂಡೇ ಏಕೆ? ಜೇನಿನಲ್ಲಿ ಫಲಿತವಾಗದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆಂದು 1845ರಲ್ಲಿ ಜಿಯೆರ್ಜೋನ್ ವಿವರಿಸಿದನು. ದುಡಿಮೆಗಾರ ನೊಣ ಗಂಡಿನೊಡನೆ ಕೂಡುವುದಿಲ್ಲ.

ಅಂದರೆ ಶಕ್ತಿ ಇದೆ. ರಾಣಿ ಇರುವ ತನಕ ಅದು ಅಡಗಿರುತ್ತದೆ. ಅಡಗಿಸುವುದು ಯಾವುದು? 1954ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನ ಕೇಂದ್ರದ ಕಾಲಿನ್ ಬಟ್ಲರ್ ಉತ್ತರವೊಂದನ್ನು ಕೊಟ್ಟರು. ಪರಿವಾರದ ನೊಣಗಳು ರಾಣಿಯ ಮೈಯನ್ನು ನೆಕ್ಕುತ್ತವೆ. ಅಲ್ಲಿ ದೊರೆತ ದ್ರವ್ಯ ಬಾಯಿಂದ ಬಾಯಿಗೆ ಹಂಚಿಹೋಗಿ ಗೂಡನ್ನೆಲ್ಲ ಮುಟ್ಟುತ್ತದೆ. ಇದೇ ‘ರಾಣಿದ್ರವ್ಯ’. 1960ರ ಸುಮಾರಿಗೆ ಅದರ ಮುಖ್ಯಭಾಗ ಒಂದು ಆಮ್ಲವೆಂದು ರಸಾಯನಜ್ಞರು ಗುರುತಿಸಿದರು. ಅಪ್ಪಣೆಯ ಓಲೆಯೇ ಕೈಗೆ ಸಿಕ್ಕಂತಾಯಿತು!

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎಳೆಯ ಮರಿಹುಳುಗಳು ಸೂಸುವ ದ್ರವ್ಯವೂ ದುಡಿಮೆಗಾರರ ಅಂಡಾಶಯವನ್ನು ತಡೆಯುತ್ತದೆಂದು ಮುಂದೆ ಕಂಡುಬಂತು. ಇದಕ್ಕಿಂತ ದೊಡ್ಡ ಅಚ್ಚರಿಯನ್ನು 1989ರಲ್ಲಿ ರಾಟ್ನಿಯೆಕ್ಸ್ ಮತ್ತು ವಿಸ್ಚರ್ ತಂದರು. ರಾಣಿಯಿದ್ದೂ ಒಂದು ನೊಣ ಕದ್ದು ಮೊಟ್ಟೆಯಿಟ್ಟರೆ, ಅದನ್ನು ಹುಡುಕಿ ತಿನ್ನುವವರು ಯಾರು? ರಾಣಿಯಲ್ಲ, ಅಕ್ಕತಂಗಿಯರೇ! ಇದಕ್ಕೊಂದು ಲೆಕ್ಕವಿದೆ. ರಾಣಿ ಅನೇಕ ಗಂಡುಗಳೊಡನೆ ಕೂಡುವುದರಿಂದ ಗೂಡಿನ ಬಹುಪಾಲು ನೊಣಗಳು ತಾಯೊಂದು, ತಂದೆ ಬೇರೆ ಎಂಬಂಥ ಸೋದರಿಯರು. ಸ್ವಂತ ಮಗನೊಡನೆ ರಕ್ತಸಂಬಂಧ ಅರ್ಧಪಾಲು. ರಾಣಿಯ ಮಗನಾದ ತಮ್ಮನೊಡನೆ ಕಾಲುಪಾಲು. ಮಲಸೋದರಿಯ ಮಗನೊಡನೆ ಎಂಟರಲ್ಲೊಂದು ಪಾಲು. ಹೀಗಾಗಿ ತಾನು ಹೆರುವ ಆಸೆ ಪ್ರತಿಯೊಂದಕ್ಕೂ ಇರಬಹುದು. ಪಕ್ಕದವಳು ಹೆರುವುದು ಮಾತ್ರ ಯಾರಿಗೂ ಬೇಡ. 1993ರಲ್ಲಿ ಕೆಲ್ಲರ್ ಮತ್ತು ನೊನಾಕ್ಸ್ ಈ ವಿಚಾರವನ್ನು ಮುಂದಕ್ಕೊಯ್ದು, ರಾಣಿದ್ರವ್ಯವು ಬಲವಂತವಲ್ಲ, ‘ನಾನಿನ್ನೂ ಇದ್ದೇನೆ, ಮೊಟ್ಟೆಯಿಡುತ್ತಿದ್ದೇನೆ’ ಎಂಬ ಸೂಚನೆ ಎಂದು ವಾದಿಸಿದರು. ಸೂಚನೆಯನ್ನರಿತು ನಡೆಯುವುದು ದುಡಿಮೆಗಾರರಿಗೇ ಲಾಭ.

ಜೇನನ್ನು ಬಿಟ್ಟು ಅದರ ದಾಯಾದಿಯಾದ ಕಣಜದ ಹುಳುವಿನ ಕಡೆ ನೋಡಿದರೆ, ಇಂಥದೇ ಮಾತಿಗೆ ನಮ್ಮ ಬೆಂಗಳೂರಿನಲ್ಲೇ ಪುರಾವೆ ಸಿಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಅವರೂ ಅವರ ಶಿಷ್ಯರೂ ‘ರೊಪಾಲಿಡಿಯಾ ಮಾರ್ಜಿನೇಟಾ’ ಎಂಬ ಕಣಜದ ಹುಳುವನ್ನು ದಶಕಗಳ ಕಾಲ ಗಮನಿಸಿದರು. ಇದರ ರಾಣಿಗೆ ಬೇರೆ ರೂಪವಿಲ್ಲ, ಜಗಳಗಂಟಿತನವೂ ಇಲ್ಲ. ಆಕೆಯನ್ನು ಗೂಡಿನಿಂದ ತೆಗೆದರೆ ಒಂದು ಹುಳು ಒಡನೆಯೇ ಉಗ್ರವಾಗುತ್ತದೆ; ಕೆಲವು ದಿನಗಳಲ್ಲಿ ಮೊಟ್ಟೆಯಿಡತೊಡಗಿ ತಾನೂ ಶಾಂತ ರಾಣಿಯಾಗುತ್ತದೆ. ಆ ಹುಳು ಯಾವುದೆಂದು ನೋಡುವ ಮನುಷ್ಯರಿಗೆ ಮುಂಚಿತವಾಗಿ ಹೇಳಲಾಗುವುದಿಲ್ಲ. ಗೂಡಿನವರಿಗೆ ಮಾತ್ರ ಅದು ಗೊತ್ತಿರುತ್ತದೆಂದು 2008ರಲ್ಲಿ ಪ್ರಕಟವಾದ ಅವರ ಪ್ರಯೋಗ ತೋರಿಸಿತು.

ಪದಗಳನ್ನು ಕಲಿಸಿ ಬದುಕುವ ನನಗೆ ಇಲ್ಲಿ ಒಂದು ಪಾಠವಿದೆ. ‘ರಾಜ’, ‘ರಾಣಿ’ ಎಂದು ಹೆಸರಿಟ್ಟೆವು; ಹೆಸರಿಟ್ಟ ಮೇಲೆ ಅಪ್ಪಣೆಯನ್ನೂ ಹುಡುಕಿದೆವು. ‘ತಾಯಿ’ ಎಂದವರು ಸತ್ಯಕ್ಕೆ ಹತ್ತಿರವಿದ್ದರು. ಆದರೂ ಅಕ್ಕನ ಮೊಟ್ಟೆಯನ್ನು ತಂಗಿ ತಿನ್ನುವ ಮನೆಗೆ ಆ ಮಾತೂ ಪೂರ್ತಿ ಒಪ್ಪುವುದಿಲ್ಲ.

ಮೊನ್ನೆ ಗ್ರಂಥಾಲಯದ ಮೆಟ್ಟಿಲ ಬಳಿ ಆ ಹುಡುಗಿ ಎದುರಾದಳು. “ಅವತ್ತು ತಪ್ಪು ಹೇಳಿದೆನಮ್ಮ, ಅದು ರಾಣಿಯ ಅಪ್ಪಣೆಯಲ್ಲ, ಅಕ್ಕತಂಗಿಯರ ಕಾವಲು” ಎಂದು ಇಷ್ಟನ್ನೂ ವಿವರಿಸಿದೆ. ಆಕೆ ಸ್ವಲ್ಪ ಯೋಚಿಸಿ, “ಹಾಗಾದರೆ ಕದ್ದು ಇಟ್ಟ ಮೊಟ್ಟೆ ಒಂದೂ ಉಳಿಯುವುದಿಲ್ಲವೆ ಸಾರ್?” ಎಂದಳು.

“ಉಳಿಯುತ್ತದಮ್ಮ. ರಾಣಿಯಿರುವ ಗೂಡಿನ ಗಂಡುನೊಣಗಳಲ್ಲಿ ಹೆಚ್ಚುಕಡಿಮೆ ಸಾವಿರಕ್ಕೊಂದು” ಎಂದೆ.

ಆಕೆಗೆ ಅಷ್ಟು ಸಾಕಾಯಿತೆಂದು ತೋರುತ್ತದೆ. ನಗುತ್ತ ಮೆಟ್ಟಿಲಿಳಿದು ಹೋದಳು.