ಹಂಟರ್‌ಸ್ಟನ್ ಬ್ರೂಚಿನ ಎರಡು ಮುಖಗಳು

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ವೆಸ್ಟ್ ಕಿಲ್‌ಬ್ರೈಡ್ ಎಂಬ ಹಳ್ಳಿಯುಂಟು. ಅದರ ಸಮೀಪದ ಹಂಟರ್‌ಸ್ಟನ್ ಎಂಬಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನೆಲದೊಳಗಿಂದ ಒಂದು ಆಭರಣವು ದೊರೆಯಿತು. ಮೈಮೇಲಿನ ಹೊದಿಕೆಯು ಜಾರದಂತೆ ಅಂದಿನ ಸಿರಿವಂತರು ಸಿಕ್ಕಿಸಿಕೊಳ್ಳುತ್ತಿದ್ದ ಬ್ರೂಚು ಅದು. ೧೮೯೧ರಲ್ಲಿ ಅದು ಸಾರ್ವಜನಿಕ ಸಂಗ್ರಹಕ್ಕೆ ಸೇರಿತು. ಈಗ ಎಡಿನ್‌ಬರೋ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಇದರ ನಿರ್ಮಾಣಕಾಲ ಕ್ರಿ.ಶ. ೭೦೦ರ ಸುಮಾರು. ಬೆಳ್ಳಿಯನ್ನು ಎರಕ ಹೊಯ್ದು, ಮೇಲೆ ಚಿನ್ನದ ಲೇಪವನ್ನು ಕೊಟ್ಟು, ನವಿರಾದ ಚಿನ್ನದ ಎಳೆಗಳಿಂದ ಒಂದರೊಡನೊಂದು ಹೆಣೆದುಕೊಂಡ ಮೃಗಗಳನ್ನು ರಚಿಸಿದ್ದಾರೆ. ನಡುನಡುವೆ ಆಂಬರ್ ಎಂಬ ಹಳದಿಗೆಂಪು ರಾಳದ ಹರಳುಗಳನ್ನು ಕೂರಿಸಿದ್ದಾರೆ. ಅಡ್ಡಳತೆ ಸುಮಾರು ೧೨ ಸೆಂಟಿಮೀಟರು ಮಾತ್ರ. ಇಷ್ಟು ಕಿರಿದಾದ ಆವರಣದಲ್ಲಿ ಶಿಲುಬೆಯ ಆಕೃತಿಗೂ ಎಡೆ ದೊರೆತಿದೆ. ಬಳೆಯಂಥ ರೂಪವು ಐರ್ಲೆಂಡ್ ಮತ್ತು ಪಶ್ಚಿಮ ಸ್ಕಾಟ್ಲೆಂಡಿನ ಗೇಲಿಕ್ ಜನರದು. ಚಿನ್ನದ ಎಳೆಯ ಕುಸುರಿಯಾದರೋ ನೆರೆಯ ಆಂಗ್ಲೋ-ಸ್ಯಾಕ್ಸನರ ಕಮ್ಮಟಗಳಲ್ಲಿ ಪಳಗಿದ ವಿದ್ಯೆ. ಹೀಗೆ ಹುಟ್ಟುವಾಗಲೇ ಈ ಒಡವೆಯು ಎರಡು ನಾಡುಗಳಿಗೆ ಋಣಿಯಾಗಿದ್ದಿತು.

ಇನ್ನು ಹಿಂಬದಿಯನ್ನು ನೋಡೋಣ. ಅಲ್ಲಿ ರೂನ್ ಲಿಪಿಯಲ್ಲಿ ಗೀರಿದ ಒಂದು ಬರಹವುಂಟು. 'ಈ ಬ್ರೂಚಿಗೆ ಮೆಲ್‌ಬ್ರಿಗ್ಡನು ಒಡೆಯ' ಎಂಬುದು ಅದರ ತಾತ್ಪರ್ಯ. ಬರಹವು ಹತ್ತನೆಯ ಶತಮಾನದ್ದು. ಎಂದರೆ ಒಡವೆಗಿಂತ ಇನ್ನೂರು ವರ್ಷಗಳಿಗೂ ಕಿರಿಯದು. ಅಷ್ಟರಲ್ಲಿ ಕಡಲು ದಾಟಿ ಬಂದ ನಾರ್ವೆಯ ವೈಕಿಂಗರು ಆ ಕರೆಯಲ್ಲಿಯೂ ದ್ವೀಪಗಳಲ್ಲಿಯೂ ನೆಲಸಿ, ಸ್ಥಳೀಕರೊಡನೆ ಬೆರೆತಿದ್ದರು. ಬರಹದ ಲಿಪಿಯೂ ಭಾಷೆಯೂ ಅವರವು. ಆದರೆ ಒಡೆಯನ ಹೆಸರು ಗೇಲಿಕ್. 'ಸಂತ ಬ್ರಿಜಿಡಳ ಸೇವಕ' ಎಂದು ಅದರ ಅರ್ಥ.

ಲಿಪಿಯೊಂದನ್ನೇ ನಂಬಿದವರು ಇದನ್ನು ವೈಕಿಂಗರ ಒಡವೆಯೆಂದಾರು. ಹೆಸರೊಂದನ್ನೇ ಹಿಡಿದವರು ಗೇಲರ ಸ್ವತ್ತೆಂದಾರು. ಕುಸುರಿಯನ್ನಷ್ಟೇ ಕಂಡವರು ಮೂರನೆಯವರನ್ನು ಹೆಸರಿಸಿಯಾರು. ಒಂದೊಂದು ಮಾತಿನಲ್ಲಿಯೂ ಸತ್ಯಾಂಶವುಂಟು, ಒಂದೂ ಪೂರ್ಣ ಸತ್ಯವಲ್ಲ. ಬರಹವು ವಸ್ತುವನ್ನು ಇಟ್ಟುಕೊಂಡವನನ್ನು ತಿಳಿಸೀತೇ ಹೊರತು ಮಾಡಿದವನನ್ನು ತಿಳಿಸಲಾರದು. ಮೆಲ್‌ಬ್ರಿಗ್ಡನ ಮನೆಮಾತು ಯಾವುದೆಂಬುದನ್ನು ಕೂಡ ಅದು ಇತ್ಯರ್ಥಪಡಿಸದು.

ಎರಡು ಮೂರು ನುಡಿಗಳ ಗಡಿಯಲ್ಲಿ ಬಾಳುವ ನಮಗೆ ಈ ವಿವೇಕವು ಬಹು ಅವಶ್ಯಕ. ಊರ ಹೊರಗಿನ ವೀರಗಲ್ಲನ್ನೋ ಗುಡಿಯ ಗಂಟೆಯನ್ನೋ ಕಂಡೊಡನೆ 'ಇದು ಯಾರದು?' ಎಂಬ ಒಂದೇ ಪ್ರಶ್ನೆಯನ್ನು ಕೇಳುವುದು ಸಾಲದು. ಮಾಡಿದವರಾರು, ಪಡೆದವರಾರು, ಬರೆಯಿಸಿದವರಾರು ಎಂಬ ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು. ನಮ್ಮ ಶಾಲೆಗಳ ಮಕ್ಕಳಿಗೆ ನಾವು ಇದನ್ನು ಕಲಿಸಿದರೆ, ಹಳೆಯ ಕಲ್ಲುಗಳು ಜಗಳಕ್ಕೆ ಸಾಕ್ಷಿಯಾಗುವ ಬದಲು ಚರಿತ್ರೆಗೆ ಸಾಕ್ಷಿಯಾದಾವು.