ಡು: ಇಂಗ್ಲಿಷ್ ಕ್ರಿಯಾಪದ

ಡು ಎಂಬುದು ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಕ್ರಿಯಾಪದಗಳಲ್ಲೊಂದು. ಡಸ್, ಡಿಡ್, ಡನ್, ಡೂಯಿಂಗ್ ಇದರ ರೂಪಗಳು. ಇದರ ಮೂಲಾರ್ಥ 'ಮಾಡು'. ಮನೆಗೆಲಸ ಮಾಡುವುದಕ್ಕೂ ತಲೆ ಬಾಚಿಕೊಳ್ಳುವುದಕ್ಕೂ ಜೈಲುವಾಸ ಅನುಭವಿಸುವುದಕ್ಕೂ ಇದೇ ಪದ ಸಲ್ಲುತ್ತದೆ. ಇಲ್ಲದ್ದನ್ನು ಹೊಸದಾಗಿ ತಯಾರಿಸುವ ಅರ್ಥದಲ್ಲಿ ಸಾಮಾನ್ಯವಾಗಿ ಮೇಕ್ ಬರುತ್ತದೆ. ಕನ್ನಡದ 'ಮಾಡು' ಎರಡನ್ನೂ ಒಳಗೊಳ್ಳುವುದರಿಂದ ಕನ್ನಡಿಗರಿಗೆ ಈ ಭೇದ ತೊಡಕಾಗುತ್ತದೆ.

ಡು ಪದದ ನಿಜವಾದ ವೈಶಿಷ್ಟ್ಯವಿರುವುದು ಅದು ಸಹಾಯಕ ಕ್ರಿಯಾಪದವಾಗಿ ನಿಂತಾಗ. ಅಲ್ಲಿ ಅದಕ್ಕೆ ಸ್ವಂತ ಅರ್ಥವೇ ಇಲ್ಲ. ವ್ಯಾಕರಣದ ಕೆಲಸವಷ್ಟೇ ಇದೆ. 'ಶಿ ವೆಂಟ್' ಎಂಬುದು ಪ್ರಶ್ನೆಯಾದಾಗ 'ಡಿಡ್ ಶಿ ಗೋ', ನಿಷೇಧವಾದಾಗ 'ಶಿ ಡಿಡ್ ನಾಟ್ ಗೋ' ಆಗುತ್ತದೆ. ಕಾಲಸೂಚನೆಯನ್ನು ಡು ಹೊತ್ತುಕೊಳ್ಳುವುದರಿಂದ ಮುಖ್ಯ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ. ಇದನ್ನು ಗಮನಿಸದೆ ಕಲಿಯುವವರು 'ಡಿಡ್ ನಾಟ್ ವೆಂಟ್' ಎಂದುಬಿಡುತ್ತಾರೆ. ಕ್ಯಾನ್, ವಿಲ್ ಮೊದಲಾದ ಸಹಾಯಕಗಳಿಗೆ ಡು ಪದದ ಆಸರೆ ಬೇಕಿಲ್ಲ. 'ಐ ಡು ನೋ' ಎಂಬಲ್ಲಿ ಡು ಮಾತಿಗೆ ಒತ್ತು ಕೊಡುತ್ತದೆ.

ಪ್ರಶ್ನೆ, ನಿಷೇಧಗಳಲ್ಲಿ ಡು ಬಳಸುವ ನಿಯಮ ಮೊದಲಿನಿಂದ ಇದ್ದದ್ದಲ್ಲ. ಹಿಂದೆ ಮುಖ್ಯ ಕ್ರಿಯಾಪದದ ನಂತರವೇ ನಾಟ್ ಸೇರುತ್ತಿತ್ತು. 16ನೇ ಶತಮಾನದಲ್ಲಿ ಡು ಬಳಕೆ ವೇಗವಾಗಿ ಹಬ್ಬಿತು. ಶೇಕ್ಸ್‌ಪಿಯರನ ನಾಟಕಗಳಲ್ಲಿ ಎರಡೂ ಬಗೆಗಳಿವೆ. 1611ರ ಕಿಂಗ್ ಜೇಮ್ಸ್ ಬೈಬಲ್ ಹಳೆಯ ರೂಪಗಳನ್ನು ಧಾರಾಳವಾಗಿ ಉಳಿಸಿಕೊಂಡಿದೆ. 18ನೇ ಶತಮಾನದ ಹೊತ್ತಿಗೆ ಇಂದಿನ ಪದ್ಧತಿ ಬಹುಮಟ್ಟಿಗೆ ನೆಲೆಗೊಂಡಿತು. ಇದಕ್ಕೆ ವೆಲ್ಷ್, ಕಾರ್ನಿಷ್ ಭಾಷೆಗಳ ಪ್ರಭಾವ ಕಾರಣವೆಂಬ ವಾದವಿದೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ.