‘ಅವರು’ ಯಾರಿಗೆ?

ಜಯನಗರದ ಯಾವುದೇ ಕ್ಲಿನಿಕ್ಕಿನಲ್ಲಿ ‘ಡಾಕ್ಟ್ರು ಬಂದ್ರಾ?’ ಎಂದು ಕೇಳಿ. ಬರಬೇಕಾದವರು ಗಂಡೋ ಹೆಣ್ಣೋ ಎಂಬುದು ಆ ಪ್ರಶ್ನೆಯಲ್ಲಿ ಎಲ್ಲೂ ಇಲ್ಲ. ಇದೇ ಮಾತನ್ನು ಇಂಗ್ಲಿಷಿನಲ್ಲಿ ಮುಂದುವರಿಸಿದರೆ ‘ಹಿ’ ಅಥವಾ ‘ಶಿ’ ಆರಿಸಿಕೊಳ್ಳಲೇಬೇಕಾಗುತ್ತದೆ. ಆ ಇಕ್ಕಟ್ಟಿನಿಂದ ಪಾರಾಗಲು ಇಂಗ್ಲಿಷಿನವರು ಬಹುವಚನದ ‘ದೇ’ಯನ್ನು ಒಬ್ಬರಿಗೂ ಬಳಸುತ್ತಾರೆ. ಬಳಕೆ ನೂರಾರು ವರ್ಷ ಹಳೆಯದು. ಆದರೂ ವ್ಯಾಕರಣದ ಮೇಷ್ಟರುಗಳು ಬಹುಕಾಲ ಅದನ್ನು ತಪ್ಪೆಂದೇ ತಿದ್ದಿದರು. 2019ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟು ಅದನ್ನೇ ವರ್ಷದ ಪದವಾಗಿ ಆರಿಸಿತು. ನಮ್ಮ ‘ಅವರು’ ಈ ಕೆಲಸವನ್ನು ತಂಟೆ ತಕರಾರಿಲ್ಲದೆ ಮಾಡಿಕೊಂಡು ಬಂದಿದೆ.

ಹಾಗೆಂದು ಹೆಮ್ಮೆಪಡುವ ಮುನ್ನ ಒಂದು ಮಾತು. ಇಂಗ್ಲಿಷಿನಲ್ಲಿ ರಾಣಿಯೂ ‘ಶಿ’, ಅವಳ ಬಟ್ಟೆ ಒಗೆಯುವವಳೂ ‘ಶಿ’. ಕನ್ನಡದಲ್ಲಿ ಹಾಗಲ್ಲ. ಇಲ್ಲಿ ಲಿಂಗ ಮರೆಯಾಗುವುದು ಮರ್ಯಾದೆಯ ಬೆನ್ನಿಗೆ. ಮರ್ಯಾದೆ ತೆಗೆದ ಕೂಡಲೇ ಲಿಂಗ ಎದ್ದು ಕಾಣುತ್ತದೆ. ಡಾಕ್ಟರ ಬಗ್ಗೆ ‘ಬಂದ್ರಾ’ ಎಂದ ಬಾಯೇ ಮರುಗಳಿಗೆ ‘ಕಸ ಗುಡಿಸೋಳು ಬಂದ್ಲಾ?’ ಎನ್ನುತ್ತದೆ. ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆದಾರರು ‘ಖಾಲಿ ಮಾಡಿದರು’, ವಾಚ್‌ಮನ್ ಮಾತ್ರ ‘ಊರಿಗೆ ಹೋದ’. ಅವನ ವಯಸ್ಸು ಅರವತ್ತು ದಾಟಿದ್ದರೂ ಅಷ್ಟೇ.

ಏಕವಚನವೆಲ್ಲ ಅವಮಾನವೆಂದು ನಾನು ಹೇಳುತ್ತಿಲ್ಲ. ಕನಕಪುರ ರಸ್ತೆಯ ಬನಶಂಕರಿ ಗುಡಿಯಲ್ಲಿ ಅರ್ಚಕರು ‘ಬರುತ್ತಾರೆ’, ದೇವಿ ‘ಕಾಪಾಡುತ್ತಾಳೆ’. ಹೆತ್ತ ತಾಯಿಯನ್ನೂ ಎಷ್ಟೋ ಮನೆಗಳಲ್ಲಿ ‘ಅವಳು’ ಎನ್ನುತ್ತಾರೆ. ಹವ್ಯಕರ ಮಾತಿನಲ್ಲಂತೂ ‘ಅಕ್ಕ ಬಂತು’ ಎಂಬ ನಪುಂಸಕದಲ್ಲೇ ಅಕ್ಕರೆ ಇದೆ. ಸಲುಗೆ ಎರಡೂ ಕಡೆಯಿಂದ ಇದ್ದರೆ ಏಕವಚನಕ್ಕೆ ಯಾರ ಅಡ್ಡಿಯೂ ಇಲ್ಲ. ಕಸ ಗುಡಿಸುವಾಕೆ ಮನೆಯೊಡತಿಯನ್ನು ತಿರುಗಿ ‘ಅವಳು’ ಎನ್ನುವ ಹಾಗಿಲ್ಲವಲ್ಲ, ನನ್ನ ತಕರಾರು ಅಲ್ಲಿದೆ.

ಬೀದಿ ಗುಡಿಸುವವರಿಗೆ ‘ಪೌರಕಾರ್ಮಿಕ’ ಎಂಬ ಗೌರವದ ಹೆಸರು ಬಂದು ಎಷ್ಟೋ ಕಾಲವಾಯಿತು. ಬೆಂಗಳೂರಿನಲ್ಲಿ ಅವರಲ್ಲಿ ಹೆಚ್ಚಿನವರು ಹೆಂಗಸರು. ಹೆಸರೇನೋ ಬದಲಾಯಿತು, ಕ್ರಿಯಾಪದ ಬದಲಾಗಲಿಲ್ಲ: ಜೆ.ಪಿ. ನಗರದ ಗೇಟುಗಳ ಮುಂದೆ ಈಗಲೂ ‘ಕಸದವಳು ಬಂದ್ಲು’ ಎಂಬ ಕೂಗೇ ಕೇಳುತ್ತದೆ.

ಇದಕ್ಕೆ ಹೊಸ ಸರ್ವನಾಮ ಹುಡುಕಬೇಕಿಲ್ಲ, ಇಂಗ್ಲಿಷಿನವರಂತೆ ನಿಘಂಟಿನ ಒಪ್ಪಿಗೆಗೂ ಕಾಯಬೇಕಿಲ್ಲ. ನಾಳೆ ಬೆಳಗ್ಗೆ ಗೇಟಿನ ಬಳಿ ಗಾಡಿ ನಿಂತಾಗ ‘ಕಸದವರು ಬಂದ್ರು’ ಎಂದು ಮನೆಯವರನ್ನು ಕೂಗಿ. ಮಕ್ಕಳ ಕಿವಿಗೂ ಬೀಳಲಿ.